ಟೆಸ್ಟರ್

ಶಹಾಬಾದಿನ ಹಳೆ ಗೋದಾಮಿನ ಬಾಗಿಲಿಗೆ
ಮುಂಜಾನೆ ಒಂಬತ್ತೂವರಿಗೆ ಸಾಲು ಹಚ್ಚತಾರ
ಇಪ್ಪತ್ತೆಂಟು ಮಂದಿ,
ಅಂಗೈಯಷ್ಟು ಮಷೀನಿನ ಮುಂದ.
ಮನಿ ವೈರಿಂಗ್, ನಲವತ್ತೈದು ದಿನ, ಫೀಸಿಲ್ಲ.
ದಿನಕ್ಕ ನೂರು ರೂಪಾಯಿ ಸರ್ಕಾರದ್ದು, ಒಂದು ಚಾ.
ಹೆಬ್ಬೆಟ್ಟು ಒತ್ತಿದವರಿಗೆ.

ಮೊಗಲಮ್ಮ ಒತ್ತತಾಳ. ಕೆಂಪು.
ಸೆರಗಿಗೆ ಒರೆಸಿ ಒತ್ತತಾಳ. ಕೆಂಪು.
ಹಿಂದ ನಿಂತ ಮೈಬೂಬ ಅಂತಾನ, ಉಸಿರು ಊದು ಅಕ್ಕ.
ಯಾರೋ ಕೊಬ್ಬರಿ ಎಣ್ಣಿ ತಂದ್ರು, ಯಾರೋ ನಿಂಬಿಹಣ್ಣು.
ಉಪ್ಪಿನಕಾಯಿ ಹಾಕೋದೊಂದು ಉಳಿದಿತ್ತು.

ಹನ್ನೊಂದು ವರ್ಷ ಫರ್ಸಿ ಪಾಲಿಶ್ ಮಾಡ್ಯಾಳ ಆಕಿ,
ಬೂದಿ ಬಣ್ಣದ ರಾಡಿ ನೀರಾಗ ಕೈ ಅದ್ದಿ.
ಸೊಲ್ಲಾಪುರದಾಗ ಯಾರದೋ ಪಡಸಾಲಿ
ಮುಖ ಕಾಣೋವಷ್ಟು ನುಣುಪಾಗ್ಯದ.
ಇಲ್ಲಿ ಬೆರಳಾಗ ಒಂದು ಗೆರಿ ಉಳಿದಿಲ್ಲ.

"ಪುಸ್ತಕ ಕೊಡ್ರಿ ಸರ್, ಸಹಿ ಮಾಡ್ತೀನಿ.
ನಮ್ಮಪ್ಪ ಹೆಬ್ಬೆಟ್ಟಿನಾಂವ.
ಹೆಬ್ಬೆಟ್ಟು ಒತ್ತಿ ಒತ್ತಿ ಎರಡೆಕರೆ ಕಳಕೊಂಡ,
ಅದಕ್ಕ ನನ್ನ ಏಳನೇತ್ತ ತನಕ ಸಾಲಿಗೆ ಹಾಕ್ದ."

ಸಹಿ ನಡ್ಯಂಗಿಲ್ಲವ್ವ, ಅಂದೆ.
ಹೆಬ್ಬೆಟ್ಟೇ ಬೇಕು.
ನನ್ನ ಮಾತು ನನಗೇ ಕೇಳಿಸ್ತು.

ಕಲಬುರಗಿ ಆಫೀಸಿಗೆ ಫೋನ್ ಹಚ್ಚಿದೆ.
ಬ್ಯಾರೆ ಬೆರಳು ನೋಡ್ರಿ, ಅಂದ್ರು.
ಹತ್ತೂ ನೋಡಿದ್ವಿ. ಎಡಗೈ ಕಿರುಬೆರಳು
ಮಂಗಳವಾರ ಒಮ್ಮೆ ಹಸಿರಾಯ್ತು,
ಬುಧವಾರ ಮುನಿಸಿಕೊಂಡಿತು.
ಮೊದಲ ಬೆಂಚಿನಾಗ ಕೂತು ಪ್ರಶ್ನಿ ಕೇಳೋ ಹೆಣಮಗಳು
ದಿನಾ ಸಂಜಿ ದಾಖಲೆಯಾಗ ಗೈರು.
ನನ್ನ ಡೈರಿಯಾಗ ಬರಕೊಂಡೆ, ತಾರೀಖು ಹಾಕಿ.
ಆ ಡೈರಿ ಯಾರಿಗೆ ಬೇಕು.

ಆರನೇ ದಿನ ಟೆಸ್ಟರ್ ಪಾಠ.
ತುದಿ ಸಾಕೆಟ್ಟಿನ ತೂತಿನಾಗ,
ಹೆಬ್ಬೆರಳು ಹಿಂದಿನ ತಗಡಿನ ಮ್ಯಾಲ. ಹೆದರಬ್ಯಾಡ್ರಿ.
ಆಕಿ ಚಪ್ಪಲಿ ಹಾಕ್ಕೊಂಡಿರಲಿಲ್ಲ, ನಾ ಬೈಯಬೇಕಿತ್ತು,
ಅಷ್ಟರಾಗ ಬೆರಳು ಇಟ್ಟಿದ್ದಳು.
ಹಿಡಿಕಿಯೊಳಗ ತೊಗರಿ ಕಾಳಿನಷ್ಟು ಕಿತ್ತಳಿ ಬೆಳಕು.
ಬೆರಳು ತೆಗೆದಳು, ಆರಿತು.
ಇಟ್ಟಳು, ಹತ್ತಿತು.
ನಾಕು ಸಲ. ಐದನೇ ಸಲಕ್ಕ
ಹಿಂದಿನವರು ಗದ್ದಲ ಮಾಡಿದ್ರು, ನಮಗೂ ಕೊಡಕ್ಕ.

"ಸರ್, ಕರೆಂಟ್ ನನ್ನ ಮೈಯಾಗಿಂದ ಹೋಗಲತ್ತದೇನ್ರಿ?"
ಹೌದು, ಭಾಳ ಸಣ್ಣದು. ಕಾಲಿನಿಂದ ನೆಲಕ್ಕ.
ಆಕಿ ನೆಲ ನೋಡಿದಳು.
ನೆಲ ಫರ್ಸೀದೇ ಇತ್ತು.

ಪರೀಕ್ಷಾಕ್ಕ ಬಂದಾಂವ ಹಿಂದಿಯಾಗ ಕೇಳ್ದ,
ಆಕಿ ದಖನಿಯಾಗ ಹೇಳಿದಳು.
ಅರ್ಥಿಂಗ್ ಯಾಕ ಬೇಕು ಅಂದ್ರ,
"ಸಿಟ್ಟು ಮನುಷ್ಯಾನ ಮ್ಯಾಲ ಬೀಳಬಾರದು, ನೆಲಕ್ಕ ಹೋಗ್ಲಿ."
ಅಂವ ನಕ್ಕ. ತೊಂಬತ್ತೊಂದು ಕೊಟ್ಟ.
ಹಾಜರಿ ಶೇಕಡಾ ಹದಿನಾರು.
ಸರ್ಟಿಫಿಕೇಟ್ ಬರಲಿಲ್ಲ. ರೊಕ್ಕಾನೂ.
ಅರ್ಜಿ ಬರದೆ ಎರಡು ಸಲ,
ಮೂರು ತಿಂಗಳಿಂದ ನನ್ನ ಪಗಾರ ಯಾಕ ಬಂದಿಲ್ಲ ಅಂತ
ಅದೇ ಲಕೋಟಿಯಾಗ ಇನ್ನೊಂದು.

ಸಾಮಾನು ಎಣಿಸೋ ದಿನ
ಟೆಸ್ಟರ್ ಒಂದು ಕಮ್ಮಿ ಬಿತ್ತು.
'ಮುರಿದಿದೆ' ಅಂತ ಬರದೆ.

ಮೊನ್ನೆ, ಮಧ್ಯಾಹ್ನ, ನಲವತ್ಮೂರು ಡಿಗ್ರಿ.
ನಮ್ಮ ಮನಿ ಮಾಲಕಿ ಫ್ಯಾನಿಗಂತ ಯಾರನೋ ಕರಿಸಿದಳು.
ಬಾಗಿಲಾಗ ಮೊಗಲಮ್ಮ,
ಕಾಲಾಗ ರಬ್ಬರ್ ಚಪ್ಪಲಿ,
ಸೊಂಟದಾಗ ಮುರಿದ ಟೆಸ್ಟರ್.
"ಏನ್ ಸರ್, ನಿಮ್ಮನಿದೇನು?
ನೀವೇ ಮಾಡ್ಕೋಬೇಕಿಲ್ಲೇನು?"
ಪುಸ್ತಕದಾಗ ಕಲಿಸ್ತೀನವ್ವ, ಏಣಿ ಹತ್ತಂಗಿಲ್ಲ.

ರೆಗ್ಯುಲೇಟರ್ ಸುಟ್ಟಿತ್ತು. ಕಂಡೆನ್ಸರೂ.
ಸ್ಕ್ರೂ ಬಾಯಾಗ ಹಿಡಕೊಂಡು ಮ್ಯಾಲ ನಿಂತಿದ್ದಾಗ
ಕರೆಂಟ್ ಹೋಯ್ತು.
"ಇಳಿದು ಕಾಯಲೇನು?" ಅಂದೆ.
ಕತ್ತಲಾಗೂ ಕೈ ಕೆಲಸ ಬಿಡಲಿಲ್ಲ.

"ಎರಡು ನೂರಾ ಎಂಬತ್ತು, ಸಾಮಾನು ಹಿಡಿದು."
ಗುರುಗೇನು ಬಿಡಂಗಿಲ್ಲೇನು?
"ಗುರು ಅಂತ ಹತ್ತು ಬಿಟ್ಟೀನಿ."
ಅಂಗಡಿ ಸಾಲಿನ ಬಿಲ್ ಬುಕ್ಕು ತೆಗೆದು
ತೊಡಿ ಮ್ಯಾಲ ಇಟ್ಟುಕೊಂಡು,
ಅಪ್ಪನ ಹೆಸರು ಸೈತ ಸೇರಿಸಿ,
ಅವಸರ ಇಲ್ಲದೆ ಸಹಿ ಮಾಡಿದಳು.

ಫ್ಯಾನ್ ತಿರುಗೋದು ನೋಡದೇ ರೊಕ್ಕ ಕೊಟ್ಟೆ.
ನಾಲ್ಕೂವರಿಗೆ ಕರೆಂಟ್ ಬಂತು.